ಓಡಬೇಡಿ ಎಂದ ಕೋಚು

"ಈ ಮೈದಾನದಾಗ ಲಿಂಗಸುಗೂರಿನವರ ಮ್ಯಾಲ ಮೊದಲನೇ ಗೋಲು ಹೊಡದಾಕಿ ನಾನು. ಇದೇ ಬಲಗಾಲಿಲೆ!" ಎಂದು ಶಿವಬಸಮ್ಮ ಎಣ್ಣೆ ಬಾಣಲೆಯ ಮುಂದೆ ಕೂತಲ್ಲಿಂದಲೇ ಕಾಲು ಚಾಚಿ ಊರಿಗೆಲ್ಲ ತೋರಿಸಿದಳು. ಕೇಳುತ್ತಿದ್ದವರು ನಗದೆ ಸುಮ್ಮನೆ ಅವಳನ್ನೇ ನೋಡಿದಾಗ ಕಾಲು ಹಿಂದಕ್ಕೆಳೆದುಕೊಂಡು, "ಆತು ಬಿಡ್ರಿ, ಅರ್ಧ ಸುಳ್ಳು. ಚೆಂಡು ಉಳ್ಳಿಕೋತ ನನ್ನ ಒಲಿ ಮಟ ಬಂದದ್ದು ಖರೆ, ನಾ ಒದ್ದದ್ದೂ ಖರೆ. ಅದು ಹೋಗಿ ಗೋಲಿನಾಗ ಬಿತ್ತೋ ಪಂಪಾಪತಿ ಸಾವ್ಕಾರನ ಬೆನ್ನಿಗೆ ಬಿತ್ತೋ, ಅದನ್ನ ಮಾತ್ರ ಕೇಳಬ್ಯಾಡ್ರಿ" ಎಂದಳು.

ಮಸ್ಕಿಯ ಮೈದಾನದ ಬದಿಗೆ ಮಂಡಕ್ಕಿ ಒಗ್ಗರಣಿ-ಮಿರ್ಚಿ ಮಾರುವ ಶಿವಬಸಮ್ಮನ ಮಾತನ್ನು ಊರವರು ಅಳೆಯುವ ಲೆಕ್ಕವೇ ಬೇರೆ. ಅವಳು ಹತ್ತು ಎಂದರೆ ಐದು, ಆನೆ ಎಂದರೆ ಎಮ್ಮೆ. ಗಂಡ ತೀರಿ ಇಪ್ಪತ್ತೆರಡು ವರ್ಷವಾಗಿತ್ತು. ಅವನಿದ್ದಾಗ ಅರ್ಧ ಮಾತು ಅವನು ಆಡುತ್ತಿದ್ದ, ಈಗ ಪೂರ್ತಿ ತನ್ನ ಪಾಲಿಗೇ ಬಂದಿದೆ, ಏನು ಮಾಡಲಿ ಎನ್ನುತ್ತಿದ್ದಳು. ಊರಿನ ಹುಡುಗರಿಗೆಲ್ಲ ಅವಳು ಆಯಿ. ಪಕ್ಕದಲ್ಲೇ ಬಳೆ ಮಾರುವ ಇಮಾಮ್‌ಬೀಗೆ ಮಾತ್ರ ಯಕ್ಕ.

ಅವತ್ತು ಸೋಮವಾರ. ಹಿಂದಿನ ದಿನ ಮಸ್ಕಿಯ ಫುಟ್‌ಬಾಲ್ ಟೀಮು ಲಿಂಗಸುಗೂರಿಗೆ ಹೋಗಿ ನಾಲ್ಕು-ಒಂದು ಗೋಲಿನಿಂದ ಸೋತು ಬಂದಿತ್ತು. ಬೇರೆ ಯಾರ ಕೈಲಿ ಸೋತಿದ್ದರೂ ಮಸ್ಕಿ ನುಂಗಿಕೊಳ್ಳುತ್ತಿತ್ತು. ಲಿಂಗಸುಗೂರಿನ ಕೈಲಿ ಸೋತರೆ ಮಾತ್ರ ಚಹಾಕ್ಕೂ ರುಚಿ ಇರುವುದಿಲ್ಲ. ಮ್ಯಾಚಿಗೆ ಹೋಗಿದ್ದ ಆಟೋ ಆದಪ್ಪ ತನ್ನ ಮೊಬೈಲಿನಲ್ಲಿ ಎರಡನೇ ಅರ್ಧವನ್ನು ಹಿಡಿದು ತಂದಿದ್ದ. ಏಳೆಂಟು ತಲೆಗಳು ಅದರ ಮೇಲೆ ಬಗ್ಗಿದ್ದವು. ಮೊಬೈಲಿನೊಳಗೆ ಕೋಚು ರಾಜೇಶ ಗೆರೆಯ ಹೊರಗೆ ನಿಂತು, ಎರಡೂ ಅಂಗೈಗಳನ್ನು ಕೆಳಗೆ ಒತ್ತುತ್ತ ಒದರುತ್ತಿದ್ದ: "ಓಡಬ್ಯಾಡ್ರಲೇ! ನಿಂತಲ್ಲೇ ಆಡ್ರಿ! ಸಾವಕಾಶ!"

"ಕೇಳಿದ್ರಿಲ್ಲ?" ಎಂದ ಆದಪ್ಪ. "ಓಡಬ್ಯಾಡ್ರಿ ಅಂತ! ಫುಟ್‌ಬಾಲ್ ಅಂದ್ರ ಓಡೋದು. ಇದೇನು ಕೇರಂ ಬೋರ್ಡೇನು, ಕುಂತಲ್ಲೇ ಆಡಾಕ?"

"ಅದಿರಲಿ, ವಾಸಿಂನ್ನ ಯಾಕ ಹೊರಗ ಕುಂದ್ರಿಸಿದ? ಹತ್ತನೇ ನಿಮಿಷಕ್ಕ ಗೋಲು ಹೊಡದ ಹುಡುಗ!" ಎಂದ ಇನ್ನೊಬ್ಬ.

"ಕುಂದ್ರಿಸಿ ಯಾರನ್ನ ಇಳಿಸ್ಯಾನ ನೋಡು. ಬಳಗಾನೂರಿನ ಇಲಿಯಾಸ್! ಗಾಳಿ ಬಂದ್ರ ಗೋಲಿನ ಕಂಬ ಹಿಡಕೊಂಡು ನಿಲ್ಲೋ ಹುಡುಗ ಅದು."

"ಪಾಮನಕಲ್ಲೂರಿನ ಮರಿಸ್ವಾಮಿ ನಮ್ಮ ಗೋಲಿಗೆ ಕ್ವಾಟಿ ಇದ್ದಂಗ ಇದ್ದ. ಅವನ್ನೂ ನಡುವ ತಗದ. ಇದು ಕೋಚಿಂಗೋ, ಕ್ವಾಟಿ ಕೆಡವೋ ಕೆಲಸೋ?"

ಶಿವಬಸಮ್ಮ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದುತ್ತ ಕೇಳಿಸಿಕೊಂಡಳು. ಎಲ್ಲರೂ ಮಾತಾಡಿ ತಾನು ಸುಮ್ಮನಿರುವುದು ಅವಳ ಮೈಗೆ ಆಗದ ಕೆಲಸ.

"ನಾ ಹೇಳ್ತೀನಿ ಕೇಳ್ರಿ ಹಕೀಕತ್ತು. ರಾಜೇಶ ದಿನಾ ನೌಕರಿಗೆ ಎಲ್ಲಿಗೆ ಹೋಗ್ತಾನ? ಲಿಂಗಸುಗೂರಿಗೆ. ಹನ್ನೊಂದಕ್ಕ ಚಾ ಎಲ್ಲಿ ಕುಡೀತಾನ? ಲಿಂಗಸುಗೂರಾಗ. ನಾಕಕ್ಕ? ಅಲ್ಲೇ. ಎಂಟು ವರ್ಷದ ಚಾದ ಋಣ ಇತ್ತು, ಒಂದೇ ಐತಾರಕ್ಕ ತೀರಿಸಿ ಬಂದಾನ!"

ನಗೆ ಎದ್ದಿತು. ಆದಪ್ಪ ತೊಡೆ ತಟ್ಟಿಕೊಂಡು ನಕ್ಕ. ಶಿವಬಸಮ್ಮನ ಬಾಯಿಗೆ ಬಂದ ಮಾತು ಬಿಸಿ ಎಣ್ಣೆಗೆ ಬಿಟ್ಟ ಹಿಟ್ಟಿನಂತೆ, ಬಿದ್ದ ಕೂಡಲೇ ಉಬ್ಬಿ ಮೇಲೆ ತೇಲುವಂಥದ್ದು. ಅದರಲ್ಲಿ ವಿಷವೂ ಇರಲಿಲ್ಲ, ವಿಚಾರವೂ ಇರಲಿಲ್ಲ.

ಅಷ್ಟರಲ್ಲಿ ಆ ರಾಜೇಶನೇ ಊಟದ ಡಬ್ಬಿ ಕೈಯಲ್ಲಿ ಹಿಡಿದು, ಲಿಂಗಸುಗೂರಿನ ಬಸ್ಸು ಹಿಡಿಯಲು ಅವಸರದಲ್ಲಿ ಬಂದ. ಅಲ್ಲಿಯ ಒಂದು ಕಚೇರಿಯಲ್ಲಿ ಅವನು ಗುಮಾಸ್ತ. ಸಂಜೆ ಐದೂವರೆಗೆ ತಿರುಗಿ ಬಂದವನು ಮನೆಗೂ ಹೋಗದೆ ಮೈದಾನಕ್ಕೆ ಇಳಿಯುತ್ತಿದ್ದ. ಕೋಚು ಅಂತ ಅವನಿಗೆ ಯಾರೂ ಸಂಬಳ ಕೊಟ್ಟವರಲ್ಲ. ಗೋಲಿನ ಬಲೆಯನ್ನೂ ಅವನೇ ಹಗ್ಗ ತಂದು ಹೆಣೆದಿದ್ದ.

"ಏನ್ಲೇ ರಾಜೇಶ, ಬಸ್ಸಿಗೆ ಹೊಂಟಿಯೇನು?" ಎಂದು ಶಿವಬಸಮ್ಮ ಕೂಗಿದಳು. "ಓಡಬ್ಯಾಡ! ಸಾವಕಾಶ ಹೋಗು!"

ಮತ್ತೆ ನಗೆ. ರಾಜೇಶ ನಿಂತು ಅವಳ ಕಡೆ ನೋಡಿದ. ತಾನೂ ನಕ್ಕು ಬಸ್ಸು ಹತ್ತಿದ. ಅವನು ಸಿಟ್ಟಾಗಿ ಒಂದು ಮಾತು ಅಂದಿದ್ದರೆ ಶಿವಬಸಮ್ಮ ಹತ್ತು ಅಂದು ಖುಷಿಪಡುತ್ತಿದ್ದಳು. ಅವನು ನಕ್ಕುಬಿಟ್ಟದ್ದಕ್ಕೆ ಬರೀ ಮಿರ್ಚಿ ತಿರುವಿಹಾಕಿದಳು.

ಸಂಜೆ ವಾಸಿಂ ಬಂದ. ಎದುರಿಗೆ ಕೂತರೆ ಎರಡು ಪ್ಲೇಟಿಗಿಂತ ಕಡಿಮೆ ತಿಂದು ಏಳುವವನಲ್ಲ. ಅವತ್ತು ಬಾಣಲೆಯ ವಾಸನೆಗೇ ಮುಖ ಆ ಕಡೆ ತಿರುಗಿಸಿದ.

"ಯಾಕಲೇ, ಸೋತವರಿಗೆ ಮಿರ್ಚಿ ಖಾರ ಆಗ್ತಾವೇನು? ನಿನ್ನ ಯಾಕ ಹೊರಗ ಕುಂದ್ರಿಸಿದ ಅವ?"

"ಸರ್ ಹೇಳಿದಂಗ ಆಡಿದ್ವಿ ಆಯಿ. ಅಷ್ಟ" ಎಂದು ವಾಸಿಂ ಎದ್ದೇ ಹೋದ.

ಇತ್ತ ಶಿವಬಸಮ್ಮನ ಚಹಾದ ಮಾತು ಅವಳ ಒಲೆಯ ಹತ್ತಿರ ಕೂತಿರಲಿಲ್ಲ. ಮಂಗಳವಾರ ಬಸ್ ನಿಲ್ದಾಣಕ್ಕೆ ಹೋಯಿತು, ಅಲ್ಲಿ ಚಹಾ ಹೋಗಿ ಊಟವಾಯಿತು. ಬುಧವಾರ ಕಿರಾಣಿ ಅಂಗಡಿಗಳನ್ನು ಸುತ್ತಿತು, ಅಲ್ಲಿ ಲಿಂಗಸುಗೂರಿನವರು ರಾಜೇಶನಿಗೆ ಮೋಟಾರ್ ಸೈಕಲ್ ಕೊಡಿಸುವುದಾಗಿ ಒಪ್ಪಿದ್ದರು. ಗುರುವಾರ ಬೆಳಿಗ್ಗೆ ಆದಪ್ಪ ಆಟೋ ನಿಲ್ಲಿಸಿ, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಅದನ್ನು ಶಿವಬಸಮ್ಮನಿಗೇ ಹೇಳಿದ.

"ಗೊತ್ತಾತೇನು ಆಯಿ? ರಾಜೇಶ ಮ್ಯಾಚ್ ಮಾರಿಕೊಂಡಾನಂತ. ಕೆಂಪು ಬಣ್ಣದ್ದು ಗಾಡಿ, ಬುಕ್ ಆಗೇತಂತ. ನಾಳೆ ಆರಕ್ಕ ಪಂಪಾಪತಿ ಸಾವ್ಕಾರ್ರು ಕಮಿಟಿ ಕರದಾರ. ಅವನ್ನ ತಗದು ಸಿಂಧನೂರಿನಿಂದ ಹೊಸ ಕೋಚ್‌ನ ತರಸ್ತಾರ."

"ಯಾರಲೇ ಹೇಳಿದ್ದು ನಿನಗ?"

"ಊರೇ ಹೇಳಾಕತ್ತೈತಿ!"

ಶಿವಬಸಮ್ಮನಿಗೆ ತಾನು ಹಡೆದ ಮಾತೇ ಮೀಸೆ ಹಚ್ಚಿಕೊಂಡು ಬಂದು ತನಗೇ ನಮಸ್ಕಾರ ಮಾಡಿದಂತಾಯಿತು. ಆದಪ್ಪ ಹೋದ ಮೇಲೆ ಇಮಾಮ್‌ಬೀ ಬಳೆಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುತ್ತ, ತಲೆ ಎತ್ತದೆ ಅಂದಳು:

"ಯಕ್ಕ, ಆ ಚಾದ ಮಾತು ನಿಂದು."

"ನಗಿಚಾಟಿಗಿ ಅಂದೆ ಬೇ."

"ನಗಿಚಾಟಿಗಿ ಹಚ್ಚಿದ ಬೆಂಕಿ ಸುಡಂಗಿಲ್ಲೇನು? ಅವನ್ನ ತಗದ್ರ ತಗೀಲಿ, ಆಟಕ್ಕ ಇನ್ನೊಬ್ಬ ಬರ್ತಾನ. ಮಾರಿಕೊಂಡವ ಅಂತ ಹೆಸರು ಹಚ್ಚಿ ತಗದ್ರ? ಆ ಹೆಸರು ಒಗದ್ರೂ ಹೋಗಂಗಿಲ್ಲ ಯಕ್ಕ. ನಾಳೆ ಅದೇ ಮೈದಾನದ ಬಾಜೂಕ ದಿನಾ ಬಸ್ಸಿಗೆ ಹೋಗಬೇಕು ಅವ."

ಶಿವಬಸಮ್ಮ ಸೌದೆ ಹಿಂದಕ್ಕೆಳೆದು ಒಲೆಯ ಉರಿ ತಗ್ಗಿಸಿದಳು. 

ಮಧ್ಯಾಹ್ನ ಲಿಂಗಸುಗೂರಿನಿಂದ ಮಗಳು ಶೈಲಜಾಳ ಫೋನು ಬಂತು.

"ಅವ್ವಾ, ಐತಾರದಿಂದ ಫೋನ್ ಮಾಡಾಕ ಪುರಸತ್ತೇ ಸಿಕ್ಕಿದ್ದಿಲ್ಲ. ನಿನ್ನ ಮಾತು ಉಳಿಸೀನಿ ನೋಡು. ನಿಮ್ಮೂರ ಹುಡುಗರಿಗೆ ಹಂಗ ಉಣಿಸೀವಿ, ಹಂಗ ಉಣಿಸೀವಿ, ಏನು ಕೇಳ್ತಿ!"

ಆಗ ಶಿವಬಸಮ್ಮನಿಗೆ ನೆನಪಾಯಿತು. ಮ್ಯಾಚಿಗೆ ಎರಡು ದಿನ ಮೊದಲು ಅವಳೇ ಫೋನು ಮಾಡಿ, ನಮ್ಮ ಹುಡುಗರು ನಿಮ್ಮೂರಿಗೆ ಬರುತ್ತಾರೆ, ಹಸಿದು ಆಡಿದರೆಂದರೆ ನನ್ನ ಇಜ್ಜತ್ತು ಹೋದಂತೆ ಎಂದಿದ್ದಳು. ರಾಜೇಶನಿಗೂ, ನನ್ನ ಮಗಳ ಮನೆಯಲ್ಲಿ ಒಂದು ತುತ್ತು ಉಣ್ಣದೆ ಬಂದರೆ ನನ್ನ ಮುಖ ನೋಡಬೇಡ ಎಂದು ಆಣೆ ಹಾಕಿದ್ದಳು. ಹೇಳಿದ್ದು ಒಂದು ತುತ್ತು. ಅದನ್ನು ಅಲ್ಲಿಗೇ ಮರೆತಿದ್ದಳು.

"ಏನು ಉಣಿಸಿದ್ರಿ?" ಎಂದು ಕೇಳಿದಳು.

"ಹೋಳಿಗಿ! ಬೀಗರ ಊರಿಂದ ಬರ್ತಾರ ಅಂದ ಕೂಡ್ಲೇ ನಮ್ಮತ್ತಿ ರಾತ್ರಿನೇ ಬ್ಯಾಳಿ ತಗದಿಟ್ರು. ಇವ್ರು ಸ್ವತಃ ತುಪ್ಪದ ಗಿಂಡಿ ಹಿಡಕೊಂಡು ಎಲಿ ಮುಂದ ನಿಂತಿದ್ರು. ಸಾಕು ಅಂದವರಿಗೆ ಎರಡು ಜಾಸ್ತಿ. ಕೈ ಅಡ್ಡ ಇಟ್ರ ಕೈ ಮ್ಯಾಲೇ ಹೋಳಿಗಿ."

"ಎಷ್ಟಕ್ಕ ಉಣ್ಣಾಕ ಕುಂತ್ರು?"

"ಎರಡಕ್ಕ. ಏಳೋದ್ರಾಗ ಮೂರೂಕಾಲು ಆತು."

"ಮ್ಯಾಚು?"

"ಮೂರೂವರಿಗೆ. ಅವ್ವಾ, ಆ ಗೋಲು ಕಾಯೋ ಮರಿಸ್ವಾಮಿ ಎಂಥಾ ಛಲೋ ಹುಡುಗ! ಹದಿನಾಲ್ಕು ಹೋಳಿಗಿ ಉಂಡ. ಏಳಬೇಕಾದ್ರ ಇಬ್ರು ಕೈ ಹಿಡಿದ್ರು. ವಾಸಿಂ ಒಂಬತ್ತು. ಪಾಪ, ಆ ಇಲಿಯಾಸ್ ಒಂದೂ ಮುಟ್ಟಲಿಲ್ಲ. ಹಿಂದಿನ ದಿನಾನೇ ಹಲ್ಲು ಕೀಳಿಸಿದ್ನಂತ, ಬರೇ ಹಾಲು ಕುಡದ. ನಮ್ಮತ್ತಿಗೆ ಇನ್ನೂ ಅದೇ ಕೊರಗು..."

ಶೈಲಜಾ ಇನ್ನೂ ಏನೇನೋ ಹೇಳುತ್ತಿದ್ದಳು. ಶಿವಬಸಮ್ಮನ ಕಣ್ಣ ಮುಂದೆ ಆದಪ್ಪನ ಮೊಬೈಲು ಮತ್ತೆ ಓಡಿತು. ಹದಿನಾಲ್ಕು ಹೋಳಿಗೆಯ ಗೋಲ್‌ಕೀಪರು ಹೊರಗೆ. ಒಂಬತ್ತು ಹೋಳಿಗೆಯ ವಾಸಿಂ ಹೊರಗೆ. ಹೋಳಿಗೆ ಮುಟ್ಟದ ಇಲಿಯಾಸ್ ಒಳಗೆ. ಉಳಿದವರಿಗೆಲ್ಲ ಒಂದೇ ಮಾತು: ಓಡಬೇಡಿ.

"ಯವ್ವಾ, ಸೋಲಿಸಿದಾಕಿ ನಾನೇ!" ಎಂದು ಅವಳು ಫೋನು ಇಟ್ಟಳು.

ಅವತ್ತು ಸಂಜೆ ಮೈದಾನದಲ್ಲಿ ಹುಡುಗರು ಯಾರೂ ಇರಲಿಲ್ಲ. ರಾಜೇಶನೊಬ್ಬನೇ ಗೋಲಿನ ಬಲೆ ಬಿಚ್ಚಿ ಮಡಚುತ್ತಿದ್ದ. ಶಿವಬಸಮ್ಮ ಮೊಣಕಾಲಿನ ನೋವು ಮರೆತು ಆ ತುದಿಯತನಕ ನಡೆದು ಹೋದಳು.

"ಅದನ್ನ ಯಾಕ ಬಿಚ್ಚಾಕತ್ತಿ?"

"ಹೊಸ ಕೋಚ್ ಬಂದ್ರ ತನಗ ಬೇಕಾದಂಗ ಕಟಗೋತಾನ ಆಯಿ."

"ಎಷ್ಟು ಹೋಳಿಗಿ ಉಂಡಿ ನೀನು?"

ರಾಜೇಶನ ಕೈ ನಿಂತಿತು. "ಯಾರು ಹೇಳಿದ್ರು?"

"ಎಷ್ಟು ಅಂತ ಕೇಳೀನಿ."

"ಆರು" ಎಂದು ಅವನು ನಕ್ಕುಬಿಟ್ಟ. "ನನಗೂ ಉಸಿರು ಮ್ಯಾಲ ಬರ್ತಿದ್ದಿಲ್ಲ. ವಾಸಿಂ ಗೋಲು ಹೊಡದವನೇ ಹೊಟ್ಟಿ ಹಿಡಕೊಂಡು ಕುಂತ. ಇನ್ನೊಂದು ಸಲ ಓಡಿದ್ರ ಉಂಡದ್ದೆಲ್ಲ ಪರ ಊರ ಮೈದಾನದಾಗ ಬರ್ತಿತ್ತು. ಗೋಲು ಹೋದ್ರ ಹೋಗಲಿ, ಊರ ಮಾನ ಉಳೀಲಿ ಅಂತ ಓಡಬ್ಯಾಡ್ರಿ ಅಂದೆ."

"ಅದನ್ನ ಊರಾಗ ಹೇಳಾಕ ಏನು ಧಾಡಿ ನಿನಗ? ಬಾಯಾಗ ಇನ್ನೂ ಹೋಳಿಗಿ ಐತೇನು?"

"ಏನಂತ ಹೇಳಲಿ? ನಿನ್ನ ಮಗಳ ಮನ್ಯಾಗ ಉಂಡು ಸೋತಿವಿ ಅಂತನಾ? ಆ ಮುದುಕಿ ಬಗ್ಗಿ ಬಗ್ಗಿ ನೀಡ್ಯಾಳ. ಬ್ಯಾಡ ಅಂದ್ರ 'ನಮ್ಮ ಮನಿ ಊಟ ಹಿಡಿಸಂಗಿಲ್ಲೇನು' ಅಂದ್ಳು. ಉಣಿಸಿದವರ ಮ್ಯಾಲೇ ಸೋಲು ಹೊರಿಸಿದ್ರು ಅನ್ನೋ ಮಾತು ನಾಳೆ ಆಕಿ ಕಿವಿಗೆ ಬಿದ್ರ? ಉಂಡ ಮನಿ ಜಂತಿ ಎಣಿಸಬಾರದು ಆಯಿ. ಹುಡುಗರಿಗೂ ಅದನ್ನೇ ಹೇಳೀನಿ."

ನಾಲ್ಕು ದಿನ ಅವನು ನಕ್ಕು ಸುಮ್ಮನಿದ್ದದ್ದು ಯಾರ ಮನೆಯ ಮಾನಕ್ಕಾಗಿ ಎಂಬುದು ಶಿವಬಸಮ್ಮನಿಗೆ ಆಗ ಹೊಳೆಯಿತು. ಆ ಮನೆಗೆ ಕಳಿಸಿದವಳು ತಾನು, ಬಂದ ಮೇಲೆ ಚಹಾದ ಋಣ ಎಂದು ನಗಿಸಿದವಳೂ ತಾನು.

"ನಾಳೆ ನಾ ಬಂದು ಹೇಳ್ತೀನಿ" ಎಂದಳು.

ರಾಜೇಶ ಬಲೆಯನ್ನು ಹೆಗಲಿಗೆ ಹಾಕಿಕೊಂಡ. "ಬಿಡು ಆಯಿ. ನೀ ಹೇಳಿದ್ರ ಯಾರು ನಂಬ್ತಾರ?"

ಅವನು ತಮಾಷೆಗೇ ಅಂದದ್ದು. ಆದರೂ ಆ ಮಾತು ಅವಳಿಗೆ ಮನೆತನಕ ಚುಚ್ಚಿತು.

ಶುಕ್ರವಾರ ಆರಕ್ಕೆ ಇಮಾಮ್‌ಬೀಯನ್ನು ಬಾಣಲೆಯ ಮುಂದೆ ಕೂರಿಸಿ, ಶಿವಬಸಮ್ಮ ಪಂಪಾಪತಿಯ ಗೊಬ್ಬರದ ಅಂಗಡಿಗೆ ನಡೆದಳು. ಹಿಂದಿನ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ನಡುವೆ ಹನ್ನೊಂದು ಕುರ್ಚಿ, ಹನ್ನೊಂದು ಮಂದಿ ಕಮಿಟಿಯವರು. ಟೀಮಿನ ಅಂಗಿ-ಚಡ್ಡಿ ಹೊಲಿಸಿಕೊಟ್ಟ ಪಂಪಾಪತಿಯೇ ಅಧ್ಯಕ್ಷ. ಆಟಗಾರ ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ರಾಜೇಶ ಬಾಗಿಲ ಹತ್ತಿರ, ಬಸ್ಸಿನಿಂದ ಇಳಿದ ಅಂಗಿಯಲ್ಲೇ, ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದ.

"ಓಡಬ್ಯಾಡ್ರಿ ಅಂತ ಯಾಕ ಅಂದಿ, ಅಷ್ಟ ಹೇಳಪ್ಪ" ಎನ್ನುತ್ತಿದ್ದ ಪಂಪಾಪತಿ. "ವಾಸಿಂನ್ನ ಯಾಕ ತಗದಿ? ಮರಿಸ್ವಾಮಿನ್ನ ಯಾಕ ತಗದಿ? ಊರಾಗ ಮಂದಿ ಏನೇನೋ ಮಾತಾಡಾಕತ್ಯಾರ. ಖರೆ ಇಲ್ಲಂದ್ರ ಇಲ್ಲ ಅನ್ನು."

"ಆ ಹೊತ್ತಿಗೆ ನನಗ ಸರಿ ಅನಿಸಿದ್ದು ಮಾಡೀನ್ರಿ" ಎಂದ ರಾಜೇಶ.

"ಅವ ಹೇಳಂಗಿಲ್ಲ, ನಾ ಹೇಳ್ತೀನಿ" ಎಂದು ಶಿವಬಸಮ್ಮ ಒಳಗೆ ಬಂದಳು. ಬಂದವಳೇ ನಿಂತಲ್ಲೇ ಎಲ್ಲ ಹೇಳಿದಳು. ಫೋನು ಮಾಡಿದ್ದು, ಆಣೆ ಹಾಕಿದ್ದು, ಬೇಳೆ, ತುಪ್ಪ, ಎರಡಕ್ಕೆ ಕೂತು ಮೂರೂಕಾಲಿಗೆ ಎದ್ದದ್ದು, ಮರಿಸ್ವಾಮಿಯ ಹದಿನಾಲ್ಕು, ವಾಸಿಂನ ಒಂಬತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ಮಾತಿಗೂ ಉಪ್ಪು-ಖಾರ ಹಚ್ಚಿರಲಿಲ್ಲ.

ಕಮಿಟಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹದಿನಾಲ್ಕು ಅಂದ್ರ ಏಳು" ಎಂದ ಆದಪ್ಪ, ಅವನೂ ಒಬ್ಬ ಮೆಂಬರು. "ಒಂಬತ್ತು ಅಂದ್ರ ನಾಕೂವರಿ."

"ಖರೆ ಹೇಳಾಕತ್ತೀನಲೇ!"

"ಆನಿ ಮರಿ ಹಾಕೇತಿ ಅಂತ ಹೇಳಿದಾಗೂ ಹಿಂಗ ಅಂದಿದ್ದಿ ಆಯಿ."

ಪಂಪಾಪತಿ ಕೈ ಎತ್ತಿ ನಗು ನಿಲ್ಲಿಸಿದ. "ನಿಮ್ಮ ಅಳಿಯ ಅಮರಗುಂಡಪ್ಪನ ನಂಬರ್ ನನ್ನ ಹತ್ರ ಐತಿ. ಕೇಳೇ ಬಿಡೋಣ." ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಚೀಲದ ಮೇಲೆ ಇಟ್ಟ. "ಗೌಡ್ರ, ಐತಾರ ನಮ್ಮ ಹುಡುಗರು ನಿಮ್ಮ ಮನಿಗೆ ಬಂದಿದ್ರಂತಲ್ಲ? ಊಟ ಹೆಂಗಿತ್ತು?"

"ಅಯ್ಯ, ಬಿಡ್ರಿ ಸಾವ್ಕಾರ್ರ" ಎಂದಿತು ಫೋನು. "ಏನೂ ಮಾಡಾಕ ಆಗಲಿಲ್ರಿ. ಬಡವರ ಮನಿ. ಬರೇ ನೀರು ಕುಡಿಸಿ ಕಳಿಸಿದಂಗ ಆತು. ನಮಗ ಇನ್ನೂ ಸಮಾಧಾನ ಇಲ್ಲ."

ಶಿವಬಸಮ್ಮ ಹಣೆ ಬಡಿದುಕೊಂಡಳು. ನಮ್ಮ ಕಡೆ ಹದಿನಾರು ಬಗೆ ಬಡಿಸಿದವರೂ ಏನೂ ಮಾಡಿಲ್ಲ ಎನ್ನುತ್ತಾರೆ, ನಿಜವಾಗಿ ನೀರಷ್ಟೇ ಕೊಟ್ಟವರೂ ಏನೂ ಮಾಡಿಲ್ಲ ಎನ್ನುತ್ತಾರೆ. ಆ ಮಾತು ಹಿಡಿದು ಯಾರ ಅಡಿಗೆಮನೆಯನ್ನೂ ಹೊಕ್ಕು ನೋಡಲಾಗದು. ಪಂಪಾಪತಿ ಗೋಡೆಯ ಕಡೆ ತಿರುಗಿದ.

"ನೀವಾದ್ರೂ ಹೇಳ್ರಲೇ. ಏನು ಉಂಡ್ರಿ?"

ಹುಡುಗರು ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. "ಭಾಳ ಮರ್ಯಾದಿ ಮಾಡಿದ್ರು ರೀ" ಎಂದ ಮರಿಸ್ವಾಮಿ. ವಾಸಿಂ ರಾಜೇಶನ ಕಡೆ ನೋಡಿದ.

ಪಂಪಾಪತಿ ಕಾಗದ ಕೈಗೆತ್ತಿಕೊಂಡ. ಇನ್ನು ಎರಡು ನಿಮಿಷದಲ್ಲಿ ಸಿಂಧನೂರಿನ ಕೋಚಿನ ಹೆಸರು ಅದರ ಮೇಲೆ ಬೀಳುತ್ತಿತ್ತು, ರಾಜೇಶನ ಹೆಸರಿನ ಮುಂದೆ ಮಾರಿಕೊಂಡವ ಎಂಬ ಮಾತು ಗಟ್ಟಿಯಾಗುತ್ತಿತ್ತು. ಶಿವಬಸಮ್ಮ ಗೋಡೆಗೆ ನಿಂತ ಹುಡುಗರನ್ನು ನೋಡಿದಳು. ಉಂಡ ಮನೆಯ ಮೇಲೆ ತಪ್ಪು ಹೊರಿಸಬಾರದು ಎಂದು ತುಟಿ ಹೊಲಿದುಕೊಂಡು ನಿಂತ ಮಕ್ಕಳು. ಹಾಗಿದ್ದರೆ ಉಂಡ ಮನೆಯನ್ನು ಬೇರೆ ಯಾರಾದರೂ ಬೈದರೆ?

ಅವಳು ಸೆರಗು ಸೊಂಟಕ್ಕೆ ಸಿಗಿಸಿದಳು.

"ಹೌದ್ರಿ, ನಾ ಹೇಳಿದ್ದು ಸುಳ್ಳು" ಎಂದು ದೊಡ್ಡ ದನಿ ತೆಗೆದಳು. "ನನ್ನ ಮಗಳ ಮನಿ ಹೋಳಿಗಿ ಹದಿನಾಲ್ಕು ಯಾವ ಮನುಷ್ಯ ತಿಂತಾನ? ಅದು ಹೋಳಿಗಿ ಅಲ್ಲ, ಚಪ್ಪಲಿ ಅಟ್ಟಿ. 'ಹೂರ್ಣ ಎಲ್ಲಿ ಐತಿ' ಅಂತ ಕಂದೀಲು ಹಿಡಕೊಂಡು ಹುಡುಕಬೇಕು. ತುಪ್ಪ ಅಂತಾರ, ನಾಕು ದಿನ ಮಿರ್ಚಿ ಕರದ ಎಣ್ಣಿ ನೀಡ್ತಾರ. ನನ್ನ ಬೀಗ್ತಿನೋ, ಎರಡನೇ ಸಲ ಕೇಳಿದ್ರ ಬುಟ್ಟಿ ಬಚ್ಚಿಡ್ತಾಳ. ಪಾಪ, ಈ ಕೂಸುಗಳು ಉಪವಾಸ..."

"ಆಯಿ!" ಎಂದು ಮರಿಸ್ವಾಮಿ ಗುಡುಗಿದ. ಗೋದಾಮಿನ ತಗಡು ನಡುಗಿತು. "ಹಂಗ ಅನ್ನಬ್ಯಾಡ! ಉಂಡವರು ನಾವು. ಆ ಹೋಳಿಗಿ ಅಂದ್ರ ಮಲ್ಲಿಗಿ ಹೂವಿನ ಎಸಳು. ಬಾಯಾಗ ಇಟ್ರ ಎಲ್ಲಿ ಹೋತು ಅಂತ ಗೊತ್ತಾಗಂಗಿಲ್ಲ!"

"ಸಾಕು ಬಿಡಲೇ. ಅದಕ್ಕೇ ಎರಡು ತಿಂದು ಕೈ ತೊಳಕೊಂಡಿ."

"ಎರಡಾ? ಹದಿನಾಲ್ಕು ಅಂತ ಹೇಳಿದ್ಯಲ್ಲ, ಅದೂ ತಪ್ಪು. ಹದಿನಾರು ಉಂಡೀನಿ ನಾನು! ಛಲೋ ಇಲ್ದ ಹೋಳಿಗಿ ಯಾರಾದ್ರೂ ಹದಿನಾರು ಉಣ್ತಾರೇನು?"

"ತುಪ್ಪ ಮೊಣಕೈ ಮಟ ಹರೀತಿತ್ರೀ!" ಎಂದ ವಾಸಿಂ. ಅವನಿಗೂ ತಡೆಯಲಾಗಲಿಲ್ಲ. "ಎಣ್ಣಿ ಅಂತೀಯಲ್ಲ ಆಯಿ, ಆ ದೊಡ್ಡಮ್ಮ ಎಷ್ಟು ಪ್ರೀತಿಲೆ ನೀಡಿದ್ರು ಗೊತ್ತೈತೇನು? ಸಾಕು ಅಂದ್ರ ಕಣ್ಣಾಗ ನೀರು ತಂದ್ರು. ಒಂಬತ್ತರ ಮ್ಯಾಲ ಒಂದು ಬಾಯಾಗೇ ಇಟ್ಟು ಕಳಿಸಿದ್ರು!"

ಇಲಿಯಾಸ್ ಕೆನ್ನೆ ಒತ್ತಿಕೊಂಡು ಹಿಂದಿನಿಂದ ಸಣ್ಣಗೆ ಅಂದ: "ನನಗ ಮಾತ್ರ ಸಿಗಲಿಲ್ಲ."

ಹುಡುಗರು ತಾವು ಅಂದದ್ದೇನು ಎಂದು ಆಗ ಅರಿವಾಗಿ ಬಾಯಿ ಮುಚ್ಚಿಕೊಂಡರು. ಆದರೆ ಆದಪ್ಪ ಆಗಲೇ ಮೊಬೈಲು ತೆರೆದಿದ್ದ.

"ತಡೀರಿ, ತಡೀರಿ. ಎರಡನೇ ಗೋಲು ನೋಡ್ರಿ ಇಲ್ಲಿ. ಚೆಂಡು ಕಾಲ ಹತ್ರ ಬಂದೈತಿ, ಮರಿಸ್ವಾಮಿ ಬಗ್ಗಾಕತ್ತಾನ... ಅರ್ಧಕ್ಕ ನಿಂತ! ಚೆಂಡು ಒಳಗ ಹೋಗೋದನ್ನ ನಿಂತು ನೋಡಾಕತ್ತಾನ!"

"ಬಗ್ಗಿದ್ರ ಹೂರ್ಣ ಬರ್ತಿತ್ತು ರೀ" ಎಂದ ಮರಿಸ್ವಾಮಿ ಸೋತ ದನಿಯಲ್ಲಿ.

ಹನ್ನೊಂದು ಕುರ್ಚಿಗಳೂ ನಗೆಗೆ ಕಿರುಗುಟ್ಟಿದವು. ಪಂಪಾಪತಿ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದ.

"ಐದು ದಿನ ಯಾಕ ಸುಮ್ಮನಿದ್ದಿ ರಾಜೇಶ?"

"ಉಂಡಿದ್ದೆ ರೀ" ಎಂದ ರಾಜೇಶ.

ಅದಕ್ಕೆ ಯಾರೂ ನಗಲಿಲ್ಲ. ಶಿವಬಸಮ್ಮ ಸಿಗಿಸಿದ್ದ ಸೆರಗನ್ನು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡಳು.

"ಇನ್ನೊಂದು ಮಾತು ಐತ್ರಿ. ಚಾದ ಋಣ ಅಂತ ಮೊದಲು ಅಂದಾಕಿ ನಾನು. ನಗಸಾಕ ಅಂದೆ. ಅದರಾಗ ಸಾಸಿವಿ ಕಾಳಿನಷ್ಟೂ ಖರೆ ಇಲ್ಲ. ಕೆಂಪು ಮೋಟಾರ್ ಸೈಕಲ್ ಯಾರು ಸೇರಿಸಿದ್ರೋ, ಆ ದೇವರೇ ಬಲ್ಲ."

ಆದಪ್ಪ ಮೊಬೈಲಿನೊಳಗೆ ಇನ್ನೂ ಆಳಕ್ಕೆ ತಲೆ ಹಾಕಿದ.

ಪಂಪಾಪತಿ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಮಾರಿಕೊಂಡಾನ ಅನ್ನೋ ಮಾತು ಇಲ್ಲಿಗೇ ಸತ್ತುಹೋತು. ಇನ್ನ ಯಾರೂ ಆಡಬಾರದು. ಆದ್ರ ಕೋಚ್ ಅಂದ ಮ್ಯಾಲ ಒಂದು ಮಾತು ಕೇಳಬೇಕಾಗ್ತೈತಿ. ಮ್ಯಾಚಿಗೆ ಮುಂಚೆ ಹುಡುಗರನ್ನ ಹಂಗ ಉಣ್ಣಾಕ ಬಿಟ್ಟದ್ದು ತಪ್ಪಲ್ಲೇನು?"

"ತಪ್ಪರಿ" ಎಂದ ರಾಜೇಶ. "ಅದು ನಂದೇ ತಪ್ಪು."

ಸರಿಯಾದ ಪ್ರಶ್ನೆ, ಸರಿಯಾದ ಉತ್ತರ. ಶಿವಬಸಮ್ಮ ಮಾತ್ರ ಪಂಪಾಪತಿಯ ಮುಂದೆ ಹೋಗಿ ನಿಂತು, ಅವನ ಅಂಗಿಯ ಗುಂಡಿಗಳನ್ನು ಜಗ್ಗಿ ನಿಂತ ಹೊಟ್ಟೆಯ ಕಡೆ ನೋಡಿದಳು.

"ಸಾವ್ಕಾರ್ರ, ಎದಿ ಮ್ಯಾಲ ಕೈ ಇಟ್ಟು ಹೇಳ್ರಿ. ನಿಮ್ಮ ಬೀಗರ ಮನ್ಯಾಗ ಎಲಿ ಹಾಕಿ, ಬೀಗ್ತಿ ಹೋಳಿಗಿ ಹಿಡಕೊಂಡು ನಿಂತಾಗ, ನೀವು ಸಾಕು ಅಂತ ಎದ್ದು ಬಂದದ್ದು ಯಾವ ಇಸವ್ಯಾಗ?"

ಪಂಪಾಪತಿ ಬಹಳ ಹೊತ್ತು ಯೋಚಿಸಿದ. ಆ ಇಸವಿ ಅವನಿಗೆ ಸಿಗಲಿಲ್ಲ. ಕೊನೆಗೆ ಕೈಯಲ್ಲಿದ್ದ ಕಾಗದವನ್ನು ಚೀಲದ ಮೇಲೆ ಬೋರಲು ಇಟ್ಟು, ಕುರ್ಚಿಗಳನ್ನು ಒಮ್ಮೆ ನೋಡಿದ.

"ಆತು. ಮಂದಿ ಮುಂದೇ ಫೈಸಲಾ ಆಗಲಿ. ರಾಜೇಶನೇ ಇರಲಿ ಅನ್ನೋರು ಕೈ ಎತ್ರಿ."

ಶಿವಬಸಮ್ಮ ತಿರುಗಿ ಬಂದಾಗ ಇಮಾಮ್‌ಬೀ ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಕರಕಾದ ಮಿರ್ಚಿಗಳನ್ನು ಮುಚ್ಚಿಡುತ್ತಿದ್ದಳು.

"ಏನಾತು ಯಕ್ಕ? ಲಗೂನ ಹೇಳು. ಜೀವ ಬಾಯಿಗೆ ಬಂದೈತಿ."

ಶಿವಬಸಮ್ಮ ಅವಸರ ಮಾಡಲಿಲ್ಲ. ನೀರು ಕುಡಿದಳು. ಒಲೆಯ ಮುಂದೆ ತನ್ನ ಜಾಗದಲ್ಲಿ ಕೂತಳು. ಕರಕು ಮಿರ್ಚಿಯೊಂದನ್ನು ಎತ್ತಿ ಹಿಡಿದು ನೋಡಿ, "ಇದನ್ನ ತಿಂದವರು ಬದುಕ್ಯಾರೇನು?" ಎಂದಳು.

"ಯಕ್ಕ! ತೌಬಾ, ಸತಾಯಿಸಬ್ಯಾಡ!"

"ಹೋಳಿಗಿದ್ದು, ಮರಿಸ್ವಾಮಿ ಗುಡುಗಿದ್ದು ಎಲ್ಲಾ ಆಮ್ಯಾಲ ಹೇಳ್ತೀನಿ. ಹನ್ನೊಂದು ಕುರ್ಚಿ ಇದ್ವು, ಹನ್ನೊಂದು ಮಂದಿ ಕುಂತಿದ್ರು. ರಾಜೇಶ ಇರಲಿ ಅನ್ನೋರು ಕೈ ಎತ್ರಿ ಅಂದ್ರು ಸಾವ್ಕಾರ್ರು. ಆ ಹುಡುಗ ಡಬ್ಬಿ ಹಿಡಕೊಂಡು ನೆಲ ನೋಡಿಕೋತ ನಿಂತಿದ್ದ. ಅಷ್ಟರಾಗ ಒಂದು ಕೈ ಮ್ಯಾಲ ಹೋತು ನೋಡು, ತುಪ್ಪದ ಗಿಂಡಿ ಎತ್ತಿದಂಗ!"

"ಯಾರ್ದು ಯಕ್ಕ?"

"ಅದನ್ನ ನಾ ಯಾಕ ಹೇಳಲಿ?" ಎಂದಳು ಶಿವಬಸಮ್ಮ ಹಿಟ್ಟಿನ ಬುಟ್ಟಿ ಹತ್ತಿರ ಎಳೆದುಕೊಳ್ಳುತ್ತ. "ಮೊದಲು ಎದ್ದ ಕೈ ಯಾರ್ದು, ಅದರ ಹಿಂದ ಎಷ್ಟು ಎದ್ದವು, ಆಗ ರಾಜೇಶನ ಮಾರಿ ಹೆಂಗಾತು? ನೀನೇ ಹೇಳು ನೋಡೋಣ."